ಮೀನಿನ ಕಿವಿ, ಚಂದ್ರಕ್ಕನ ಹರಕೆ

ಪಿಕ್ಟನ್, ನ್ಯೂಜಿಲೆಂಡ್
ಭಾನುವಾರ, ೨ ಮಾರ್ಚ್ ೨೦೨೫

ಅಕ್ಕರೆಯ ಚಂದ್ರಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮೆಟ್ಟಿಲಿಳಿದು ಹೊಳೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಕೇಳುತ್ತಿದ್ದೀಯೋ ಇಲ್ಲವೋ? ಕೇಳುವುದು ಎಂದಾಗ ನೆನಪಾಯಿತು, ಮೈಸೂರಿನಿಂದ ತಂದುಕೊಟ್ಟ ಕಿವಿಯ ಮೆಷೀನು ಈಗ ನಿನ್ನ ಕಿವಿಯಲ್ಲಿದೆಯೋ, ಇಲ್ಲ ಇನ್ನೂ ದೇವರ ಗೂಡಿನಲ್ಲಿ ಹೂವು ಮುಡಿದುಕೊಂಡು ಕೂತಿದೆಯೋ? ದುಬಾರಿ ವಸ್ತು, ಸವೆದೀತು ಎಂದು ಅಲ್ಲಿಟ್ಟರೆ ಗಂಗಮ್ಮನಿಗೆ ಚೆನ್ನಾಗಿ ಕೇಳಿಸೀತು, ನಿನಗಲ್ಲ. ಬಾಲು ಭಾವನ ಕೆಮ್ಮು ಹೇಗಿದೆ? ತೆಪ್ಪ ಹೊಳೆಗಿಳಿಸುವಾಗ ತಲೆಗೊಂದು ಟವೆಲು ಸುತ್ತಿಕೊಳ್ಳಲು ಹೇಳು. ಹೇಳಿದರೆ ಕೇಳುವ ಜಾತಿಯಲ್ಲ ಅವರು, ಆದರೂ ನನ್ನ ಹೆಸರು ಹೇಳಿ ಹೇಳು.

ಫೋನು ಬಿಟ್ಟು ಇವಳೇಕೆ ಇಷ್ಟುದ್ದ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಿರಬಹುದು. ಫೋನಿನಿಂದ ಆದ ಅನಾಹುತವನ್ನು ಫೋನಿನಲ್ಲೇ ಸರಿಮಾಡಲು ಹೋದರೆ ಇನ್ನೊಂದು ಅನಾಹುತವಾದೀತು ಎಂದು ಭಯ. ಅದಕ್ಕೇ ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಸೊಸೆ ರಶ್ಮಿತಾ ಆಸ್ಪತ್ರೆಯಿಂದ ಬಂದ ಮೇಲೆ ಇದರ ಫೋಟೋ ತೆಗೆದು ನಿನ್ನ ಮೊಮ್ಮಗಳು ಶ್ರೀರಕ್ಷಾಳ ಫೋನಿಗೆ ಕಳಿಸುತ್ತಾಳೆ. ನಿನಗೆ ಓದಲು ಬರುತ್ತದೆ, ನೀನೇ ಓದು. ಅವಳ ಕೈಲಿ ಓದಿಸಬೇಡ. ಅರ್ಧ ಓದಿ ಅರ್ಧ ನಗುತ್ತಾಳೆ, ನಿನಗೆ ಆ ಅರ್ಧವೂ ಸರಿಯಾಗಿ ಕೇಳಿಸುವುದಿಲ್ಲ.

ಮೊದಲು ಮುಖ್ಯವಾದ ಮಾತು. ನಮ್ಮ ಮೊಮ್ಮಗಳು ಮಾನ್ಯಳ ಕಿವಿಗೆ ಏನೂ ಆಗಿಲ್ಲ. ಎರಡು ಕಿವಿಯೂ ಚೆನ್ನಾಗಿವೆ. ಅಡುಗೆಮನೆಯಲ್ಲಿ ನಾನು ಚಾಕಲೇಟಿನ ಕಾಗದ ಮುಟ್ಟಿದರೆ ರೂಮಿನಿಂದ ಓಡಿಬರುತ್ತಾಳೆ, ಊಟಕ್ಕೆ ಕರೆದರೆ ಮಾತ್ರ ಕೇಳಿಸುವುದಿಲ್ಲ. ಐದು ವರ್ಷದ ಮಗುವಿಗೆ ಇರಬೇಕಾದ ಕಿವಿಯೇ ಅದು. ರೋಗ ಬಂದಿರುವುದು ಮಗುವಿಗಲ್ಲ ಅಕ್ಕಾ, ಮೀನಿಗೆ. ನಿತೀಶ ನೋಡಿಕೊಳ್ಳುವ ಸಮುದ್ರದ ಮೀನಿಗೆ. ನನ್ನ ಮಗನಾದರೂ ನಿನ್ನ ಮಗನಂತೆಯೇ ಇರುವ ನಿತೀಶ ಅವತ್ತು ಫೋನಿನಲ್ಲಿ ತನ್ನ ತಲೆಯಲ್ಲಿದ್ದದ್ದನ್ನು ಹೇಳಿದ, ನೀನು ನಿನ್ನ ತಲೆಯಲ್ಲಿದ್ದದ್ದನ್ನು ಕೇಳಿಸಿಕೊಂಡೆ. ನೀನು ಮಾನ್ಯಳ ವಿಷಯಕ್ಕೆ “ಮಗ ಹೆಂಗದಪ್ಪ?” ಎಂದೆ. ಅವನಿಗೆ ನಿನ್ನ ಮಾತು ಪೂರ್ತಿ ಕೇಳಿಸಲಿಲ್ಲ, ಕೆಲಸ ಹೇಗಿದೆ ಎಂದು ಕೇಳಿದೆಯೆಂದು ತಿಳಿದ. “ಕಿವಿಗೆ ರೋಗ ಬಂದದೆ ದೊಡ್ಡಮ್ಮ, ಬಿಳೀ ಮಚ್ಚೆ ಎದ್ದದೆ, ಉಸಿರಾಡಕ್ಕೇ ಕಷ್ಟ” ಎಂದ. ನೀನು ಅಯ್ಯಯ್ಯೋ ಎಂದು ಫೋನು ಕೆಳಗಿಟ್ಟೆ. ಅವನು, ನೋಡಮ್ಮ, ದೊಡ್ಡಮ್ಮ ಮೀನಿಗೂ ಎಷ್ಟು ಮರುಗುತ್ತಾರೆ ಎಂದು ನನ್ನ ಹತ್ತಿರ ಹೆಮ್ಮೆಪಟ್ಟುಕೊಂಡ.

ಮೀನು ಉಸಿರಾಡುವ ಆ ಕಿವಿಗೆ ಪುಸ್ತಕದಲ್ಲಿ ಕಿವಿರು ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಆ ರು ಯಾರು ಹಚ್ಚಿದ್ದರು ಹೇಳು? ಸಂತೆಯಲ್ಲಿ ಮೀನು ಆರಿಸುವಾಗ “ಕಿವಿ ಎತ್ತಿ ನೋಡ್ಲಾ ನಿತೀಶ, ಕೆಂಪಗಿದ್ರೆ ತಗಾ, ಮಾಸಿದ್ರೆ ಮಡಗು” ಎಂದು ಹೇಳಿಕೊಟ್ಟವಳೇ ನೀನು. ಮೀನಿನ ಕಾಲೇಜಿನಲ್ಲಿ ಓದಿ, ಹಡಗು ದಾಟುವ ಸಮುದ್ರದ ದಡದಲ್ಲಿ ಕೆಲಸ ಹಿಡಿದರೂ, ನಿನ್ನ ಜೊತೆ ಮಾತಾಡುವಾಗ ಅವನ ಬಾಯಲ್ಲಿ ಬರುವುದು ಕಿವಿಯೇ. ಈ ದೇಶದಲ್ಲಿ ಅದಕ್ಕೆ ಇನ್ನೊಂದು ತೊಡಕು ಬೇರೆ. ಇಲ್ಲಿಯವರು ತಮ್ಮನ್ನು ತಾವೇ ಕಿವಿ ಎಂದು ಕರೆದುಕೊಳ್ಳುತ್ತಾರೆ. ಮಾನ್ಯ ಎದೆ ತಟ್ಟಿಕೊಂಡು “ಅಜ್ಜಿ, ಐ ಆಮ್ ಎ ಕಿವಿ” ಎನ್ನುತ್ತಾಳೆ. ನಾನು ಅವಳ ಕಿವಿ ಹಿಡಿದು “ಇದು ಕಣೆ ಕಿವಿ, ನೀನು ಮಾನ್ಯ” ಎನ್ನುತ್ತೇನೆ. ಇಬ್ಬರೂ ಸೋಲುವುದಿಲ್ಲ.

ಆಮೇಲೆ ನಡೆದದ್ದನ್ನೆಲ್ಲ ಶ್ರೀರಕ್ಷಾ ವಾಯ್ಸ್ ಮೆಸೇಜಿನಲ್ಲಿ ಹೇಳಿದಳು. “ಚಿಕ್ಕಜ್ಜಿ, ಅಜ್ಜಿ ಮೀನು ಬುಟ್ಬುಟ್ಟವ್ರೆ. ಹೊಳೇಲಿ ಮಂಡಿಯುದ್ದ ನೀರಲ್ಲಿ ನಿಂತ್ಕಂಡು, ಕಿವಿ ವಾಸಿ ಆಗೋಗಂಟ ಬಾಯಿಗೆ ಮೀನು ಮುಟ್ಟಿಸಕ್ಕಿಲ್ಲ ಕಣವ್ವ ಗಂಗವ್ವ ಅಂತ ಹರಕೆ ಹೊತ್ಬುಟ್ಟವ್ರೆ. ಮನೇಲೂ ಬೇಯ್ಸಂಗಿಲ್ಲ. ತಾತ ತಾವೇ ಹಿಡಿದ ಮೀನ ಹೋಟ್ಲವ್ರಿಗೆ ಕೊಟ್ಟು, ಅದೇ ಹೋಟ್ಲಲ್ಲಿ ದುಡ್ಡು ಕೊಟ್ಟು ತಿಂದ್ಕಂಡ್ ಬತ್ತಾವ್ರೆ” ಎಂದು. ಅದನ್ನು ಕೇಳಿ ನನಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಮೀನಿಲ್ಲದೆ ಮುದ್ದೆ ಮುರಿಯದವಳು ನೀನು. ಜ್ವರ ಬಂದರೂ ಅಮ್ಮ ನಿನಗೆ ಸಾರಿನ ತಿಳಿಯಾದರೂ ಬಡಿಸಬೇಕಾಗಿತ್ತು. ಸಾಲದ್ದಕ್ಕೆ ಮೆಡಿಕಲ್ ಸ್ಟೋರಿನ ಪ್ರಮೋದನಿಂದ ಕಿವಿಗೆ ಬಿಡುವ ಔಷಧಿ ತಂದು, ಇಲ್ಲಿಗೆ ಬರುವವರು ಯಾರಾದರೂ ಇದ್ದಾರಾ ಎಂದು ಊರೆಲ್ಲ ವಿಚಾರಿಸುತ್ತಿದ್ದೀಯಂತೆ. ನಿತೀಶನಿಗೆ ಹೇಳಿದೆ. ಮೀನಿನ ಕಿವಿಗೆ ಎಷ್ಟು ಹನಿ ಎಂದು ಪ್ರಮೋದಣ್ಣನನ್ನೇ ಕೇಳಿಬಿಡು ಎಂದ. ಹರಕೆಯ ವಿಷಯಕ್ಕೆ “ದೊಡ್ಡಮ್ಮ ಮೀನು ಬಿಟ್ರೆ ಮೀನುಗಳಿಗೆ ಒಳ್ಳೇದೇ ಅಲ್ವಾ” ಎಂದು ನಕ್ಕ. ನಕ್ಕು, “ಪಾಪ, ಬೇಗ ಬರೆದು ತಿಳಿಸಮ್ಮ, ತಿನ್ಲಿ ಅವ್ರು” ಎಂದ. ಅವನು ನಕ್ಕದ್ದು ಆವಾಗಲೇ ಕೊನೆ. ಆಮೇಲೆ ಒಂದೇ ಒಂದು ಸಲ ನಕ್ಕ, ಅದನ್ನೂ ಹೇಳುತ್ತೇನೆ.

ಅವನ ಕೆಲಸ ಏನೆಂದು ನಿನಗೆ ಸರಿಯಾಗಿ ಯಾರೂ ಹೇಳಿಲ್ಲ. ಇಲ್ಲಿ ಸಮುದ್ರ ನಮ್ಮ ಕಡೆಯ ಹಾಗೆ ಬಟಾಬಯಲಲ್ಲ. ಗುಡ್ಡಗಳ ನಡುವೆ ಬೆರಳು ತೂರಿಸಿದ ಹಾಗೆ ಒಳಗೆ ಬಂದಿದೆ. ಆ ಬೆರಳುಗಳ ಸಂದಿಯಲ್ಲಿ ನೀರಿನೊಳಗೆ ಮನೆಯಷ್ಟು ಆಳದ ದೊಡ್ಡ ದೊಡ್ಡ ಬಲೆಗಳನ್ನು ಇಳಿಬಿಟ್ಟು, ಅದರೊಳಗೆ ಸಾಲ್ಮನ್ ಎಂಬ ಮೀನು ಸಾಕುತ್ತಾರೆ. ನಾವು ಹಟ್ಟಿಯಲ್ಲಿ ಕುರಿ ಸಾಕಿದ ಹಾಗೆಯೇ. ಹೊತ್ತಿಗೆ ಮೇವು, ಹುಷಾರಿಲ್ಲದಿದ್ದರೆ ಡಾಕ್ಟರು. ಆ ಡಾಕ್ಟರೇ ನಮ್ಮ ನಿತೀಶ. ಮೀನಿನ ಮಾಂಸ ಕೇಸರಿಬಾತಿನ ಬಣ್ಣ. ಮೊದಲ ಸಲ ಕೊಯ್ದಾಗ ಯಾರೋ ಬಣ್ಣ ಬಳಿದಿದ್ದಾರೆ ಎಂದುಕೊಂಡು ಎರಡು ಸಲ ತೊಳೆದೆ. ಮುಳ್ಳು ಕಡಿಮೆ, ಎಣ್ಣೆ ಜಾಸ್ತಿ, ಹುಳಿ ಹೀರುವುದಿಲ್ಲ. ನಮ್ಮ ಜಿಲೇಬಿ ಮೀನಿನ ಮುಂದೆ ನಿಲ್ಲುವುದಿಲ್ಲ ಎಂದು ನಾನು ಹೇಳಿದರೆ ಮಗನಿಗೆ ಕೋಪ ಬರುತ್ತದೆ.

ಆದರೆ ಅದರ ಹುಟ್ಟುಗುಣ ಕೇಳಿದರೆ ನಿನಗೂ ಅದರ ಮೇಲೆ ಮಮತೆ ಬರುತ್ತದೆ. ಅದು ಹುಟ್ಟುವುದು ನಮ್ಮ ಹೊಳೆಯಂಥ ಸಿಹಿನೀರಿನಲ್ಲಿ. ಬೆಳೆಯಲು ಉಪ್ಪುನೀರಿಗೆ ಹೋಗುತ್ತದೆ. ಸಾಕುವವರ ಕೈಗೆ ಸಿಗದೆ ಸ್ವತಂತ್ರವಾಗಿದ್ದರೆ, ಮೊಟ್ಟೆಯಿಡುವ ಹೊತ್ತಿಗೆ ಅಷ್ಟು ದೊಡ್ಡ ಸಮುದ್ರದಿಂದ ದಾರಿ ಹುಡುಕಿಕೊಂಡು ಹುಟ್ಟಿದ ಹೊಳೆಗೇ ಬರುತ್ತದೆ. ನಾನು ಮಾನ್ಯಳಿಗೆ ಇದನ್ನು ಅಜ್ಜಿಯ ಧಾಟಿಯಲ್ಲಿ ಹೇಳಿದೆ. ಒಂದೂರಲ್ಲಿ ಒಬ್ಬಳು ಮೀನಮ್ಮ ಇದ್ದಳಂತೆ, ಅವಳನ್ನು ಸಮುದ್ರರಾಜನ ಮನೆಗೆ ಕೊಟ್ಟಿದ್ದರಂತೆ, ಬಸುರಿಯಾದ ಮೇಲೆ ಹುಣಸೆಹಣ್ಣು ಬೇಡ, ಮಾವಿನಕಾಯಿ ಬೇಡ, ತವರಿನ ಒಂದು ಗುಟುಕು ನೀರು ಸಾಕು ಎಂದಳಂತೆ. ಮಾನ್ಯ ಬಾಯಿ ಬಿಟ್ಟುಕೊಂಡು ಕೇಳಿ, “ಸೋ ಶೀ ವೆಂಟ್ ಟು ಹರ್ ಅಜ್ಜೀಸ್ ಹೌಸ್?” ಎಂದಳು. ಹೂಂ ಕಣೆ, ಅಜ್ಜಿ ಮನೆಗೆ ಎಂದೆ. ಮೊಟ್ಟೆಯಿಟ್ಟ ಮೇಲೆ ಆ ಮೀನಿಗೆ ಏನಾಗುತ್ತದೆ ಎಂದು ನಿತೀಶ ನನಗೆ ಹೇಳಿದ. ಅದನ್ನು ಮಗುವಿಗೆ ಹೇಳಲಿಲ್ಲ, ನಿನಗೂ ಬರೆಯುವುದಿಲ್ಲ.

ಈ ಸಲ ಇಲ್ಲಿ ಬೇಸಿಗೆ ಜೋರು. ನಿಮಗೆ ಮಾಗಿ ಇದ್ದಾಗ ಇಲ್ಲಿ ಬಿಸಿಲು. ನೀರು ಬೆಚ್ಚಗಾಗಿ, ಅಮೀಬಾ ಎನ್ನುವ ಕಣ್ಣಿಗೆ ಕಾಣದ ಜೀವ ಹೆಚ್ಚಾಗಿ, ಮೀನುಗಳ ಕಿವಿಗೆ ಅಂಟಿಕೊಂಡಿದೆ. ನಿತೀಶ ಫೋನಿನಲ್ಲಿ ಚಿತ್ರ ತೋರಿಸಿದ. ದಾಸವಾಳದ ಹಾಗೆ ಕೆಂಪಗಿರಬೇಕಾದ ಕಿವಿಯ ಮೇಲೆ ಅಲ್ಲಲ್ಲಿ ಅನ್ನದ ಅಗುಳು ಮೆತ್ತಿದಂತೆ ಬಿಳಿ ಮಚ್ಚೆ, ಮೇಲೆ ಲೋಳೆ. ನೀರಿನಲ್ಲೇ ಇದ್ದುಕೊಂಡು ಅವುಗಳಿಗೆ ಉಸಿರು ಕಟ್ಟುತ್ತದೆ ಅಕ್ಕಾ. ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹಾಗೆ ಬಾಯಿ ಬಿಡುವ ವಿಡಿಯೋ ನೋಡಿದ ದಿನ ನನಗೆ ಅನ್ನ ಇಳಿಯಲಿಲ್ಲ. ನಾವೆಷ್ಟು ಮೀನು ಬುಟ್ಟಿಯಲ್ಲಿ ಹಾಕಿಕೊಂಡು ಬಂದಿಲ್ಲ, ಎಂದಾದರೂ ಹೀಗೆ ಅನ್ನಿಸಿತ್ತೇ? ಕೊಲ್ಲಲು ಹಿಡಿದದ್ದು ಸಾಯುವುದು ಬೇರೆ, ಸಾಕಲು ಇಟ್ಟುಕೊಂಡದ್ದು ಸಾಯುವುದು ಬೇರೆ ಎಂದು ಕಾಣುತ್ತದೆ.

ಅದಕ್ಕೆ ಮದ್ದು ಏನು ಗೊತ್ತೇ? ಸಿಹಿನೀರು! ಬಲೆಯ ಸುತ್ತ ದೊಡ್ಡ ಟಾರ್ಪಾಲಿನ ತೊಟ್ಟಿ ಕಟ್ಟಿ, ದೋಣಿಯಲ್ಲಿ ಹೊಳೆಯ ನೀರು ತಂದು ತುಂಬಿಸಿ, ಮೀನುಗಳನ್ನು ಕೆಲವು ಗಂಟೆ ಅದರಲ್ಲಿ ಬಿಡುವುದು. ಉಪ್ಪುನೀರಿನ ಆ ಅಮೀಬಾ ಸಿಹಿನೀರಿನಲ್ಲಿ ಬದುಕುವುದಿಲ್ಲ. ಮೀನು ಬದುಕುತ್ತದೆ, ಅದರ ತವರಲ್ಲವೇ? ಕೇಳಲು ಇಷ್ಟು ಸುಲಭ. ಆದರೆ ಮೊದಲೇ ಸೋತ ಮೀನುಗಳನ್ನು ಬಲೆ ಎತ್ತಿ ಒಂದೇ ಕಡೆ ಒತ್ತರಿಸಬೇಕು. ಆ ಒತ್ತಡವನ್ನೇ ಕೆಲವು ತಾಳುವುದಿಲ್ಲ. ಹೆಚ್ಚುಕಡಿಮೆಯಾದರೆ ವಾಸಿ ಮಾಡಲು ಹೋಗಿ ನಾವೇ ಕೊಂದ ಹಾಗಾಗುತ್ತದೆ.

ಅಲ್ಲಿನ ಮ್ಯಾನೇಜರ್ ಬ್ರೂಸ್ ಎಂಬಾತ. ಕೆಟ್ಟವನಲ್ಲ, ಕ್ರಿಸ್ಮಸ್ಸಿಗೆ ಮಾನ್ಯಳಿಗೆ ಸೈಕಲ್ ತಂದುಕೊಟ್ಟ. ನಿತೀಶ ಎನ್ನಲು ಬಾರದೆ “ನಿಟ್” ಎನ್ನುತ್ತಾನೆ. ಇಲ್ಲಿ ನಿಟ್ ಎಂದರೆ ತಲೆಯ ಸೀರು. ಮಾನ್ಯಳ ಸ್ಕೂಲಿನಲ್ಲಿ ಮಕ್ಕಳ ತಲೆಯಲ್ಲಿ ಸೀರಾಗಿದೆ, ನೋಡಿಕೊಳ್ಳಿ ಎಂದು ಮೆಸೇಜು ಬಂದಾಗಿನಿಂದ ಅವಳು ಅಪ್ಪನನ್ನು ಕಂಡರೆ ತಲೆ ಕೆರೆದುಕೊಂಡು ನಗುತ್ತಾಳೆ. ಈ ಬ್ರೂಸ್‌ನ ಲೆಕ್ಕ ಬೇರೆ. ರೋಗ ಹರಡುವ ಮೊದಲೇ ಎಲ್ಲ ಬಲೆಗಳ ಮೀನನ್ನೂ, ಎಳೆಯವಾದರೂ ಸರಿ, ಕೊಯ್ದು ಮಾರಿ ಜಾಗ ಖಾಲಿ ಮಾಡೋಣ ಎಂದ. ಜಾಗ ಖಾಲಿಯಾದರೆ ಅಲ್ಲಿನ ಕೆಲಸದವರೂ ಖಾಲಿ. ನಿತೀಶ ಒಪ್ಪಲಿಲ್ಲ. ಒಂದು ಬಲೆಗೆ ಸಿಹಿನೀರಿನ ಸ್ನಾನ ಮಾಡಿಸೋಣ, ಬದುಕಿದರೆ ಉಳಿದವಕ್ಕೂ ಮಾಡಿಸೋಣ, ಇಲ್ಲದಿದ್ದರೆ ನೀನು ಹೇಳಿದ ಹಾಗೆ ಮಾಡು ಎಂದ. ಅವತ್ತು ಬ್ರೂಸ್ ತನ್ನ ಯೂಟಿನಲ್ಲಿ, ಅದೇ ಹಿಂದೆ ಸಾಮಾನು ಹಾಕುವ ಗಾಡಿಯಲ್ಲಿ, ಇವನನ್ನು ಮನೆಗೆ ಬಿಡಲು ಬಂದಿದ್ದ. ನಾನು ಬಾಗಿಲಲ್ಲಿದ್ದೆ. ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ “ಯುವರ್ ಕಾಲ್, ಮೇಟ್” ಎಂದು ಹೇಳಿ ಹೋದ. ನಾನು ಗಾಬರಿಯಿಂದ “ಕಾಲಿಗೇನಾಯ್ತೋ? ಎಡವಿದ್ಯಾ?” ಎಂದು ಮಗನ ಕಾಲು ನೋಡಿದೆ. ನಾನೂ ನಿನ್ನ ತಂಗಿಯೇ ತಾನೆ! ನಿನಗೆ ಕಿವಿ, ನನಗೆ ಕಾಲು. ಆಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಬೂಟು ಬಿಚ್ಚುತ್ತಾ, “ಕಾಲ್ ಅಂದ್ರೆ ತೀರ್ಮಾನ ಅಮ್ಮ. ನಿಂಗೆ ಬಿಟ್ಟಿದ್ದು ಅಂತ. ಸರಿಹೋದ್ರೆ ಎಲ್ಲರದ್ದು, ಕೆಟ್ರೆ ನಂದು” ಎಂದ.

ಮೊನ್ನೆ ಶುಕ್ರವಾರ ಸ್ನಾನ ಮಾಡಿಸಿದರು. ರಶ್ಮಿತಾಗೆ ಬ್ಲೆನಮ್ ಆಸ್ಪತ್ರೆಯಲ್ಲಿ ಡ್ಯೂಟಿ. ನಾನು ಮಾನ್ಯಳನ್ನು ಸ್ಕೂಲಿನಿಂದ ಕರೆದುಕೊಂಡು, ಇಲ್ಲಿಯವರು ಡೈರಿ ಎನ್ನುವ ಬೀದಿ ಅಂಗಡಿಯಲ್ಲಿ ಅವಳಿಗೊಂದು ಐಸ್‌ಕ್ರೀಮ್ ಕೊಡಿಸಿ, ದೋಣಿ ಕಟ್ಟುವ ಕಟ್ಟೆಯ ಮೇಲೆ ಕೂತೆ. ಮೀನಿನ ಜಾಗ ಅಲ್ಲಿಂದ ಕಾಣುವುದಿಲ್ಲ, ಎರಡು ಗುಡ್ಡ ದಾಟಬೇಕು. ಆದರೂ ಆ ಕಡೆಗೇ ನೋಡುತ್ತಿದ್ದೆ. ದೊಡ್ಡ ಹಡಗೊಂದು ಕಾರುಗಳನ್ನೂ ಜನರನ್ನೂ ತುಂಬಿಕೊಂಡು ಬಂತು, ಇಳಿಸಿತು, ಬೇರೆಯವರನ್ನು ತುಂಬಿಕೊಂಡು ಹೋಯಿತು. ನಮ್ಮವನ ದೋಣಿ ಮಾತ್ರ ಬರಲಿಲ್ಲ. ಭಾವ ಪ್ರವಾಹದ ದಿನ ತೆಪ್ಪ ತೆಗೆದುಕೊಂಡು ಹೋದಾಗ ನೀನು ಸೋಪಾನಕಟ್ಟೆಯಲ್ಲಿ ಕೂತಿರುತ್ತಿದ್ದೆಯಲ್ಲ, ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ನಾನೂ ಹಾಗೇ ಕೂತಿದ್ದೆ. “ಅಜ್ಜಿ, ಆರ್ ಯು ಸ್ಕೇರ್ಡ್?” ಎಂದಳು ಮಾನ್ಯ. ಇಲ್ಲಮ್ಮ, ಗಾಳಿ ಎಂದೆ.

ಬಂದಾಗ ಅವನ ಕೈಬೆರಳೆಲ್ಲ ನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿದ್ದವು. ಮನೆಯ ಮೆಟ್ಟಿಲ ಮೇಲೆ ಬೂಟಿನ ಸಮೇತ ಕೂತುಬಿಟ್ಟ. ಸಾರು ಬಿಸಿ ಮಾಡಲೇ ಎಂದರೆ ತಲೆ ಆಡಿಸಿದ, ಹೂಂ ಎಂದೋ ಉಹೂಂ ಎಂದೋ ತಿಳಿಯಲಿಲ್ಲ. ಒತ್ತರಿಸುವಾಗಲೇ ಸಾಕಷ್ಟು ಮೀನು ಹೋದವಂತೆ. ಉಳಿದವು ಸ್ನಾನ ತಾಳಿಕೊಂಡವು, ಮತ್ತೆ ಸಮುದ್ರದ ನೀರಿಗೆ ಬಿಟ್ಟ ಮೇಲೆ ಬಲೆಯ ತಳ ಸೇರಿ ಸುಮ್ಮನಾಗಿಬಿಟ್ಟವಂತೆ. ಮೇವು ಹಾಕಿದರೆ ಮೇಲೆ ಬರುತ್ತಿಲ್ಲ. “ಮೇವಿಗೆ ಬಂದ್ರೆ ಬದುಕಿದ ಹಾಗೆ ಅಮ್ಮ. ಬರ್ಬೇಕು ಅಷ್ಟೆ” ಎಂದ. ನಿನ್ನೆಯೂ ಹೋಗಿ ನೋಡಿ ಬಂದ. ಬಂದಿರಲಿಲ್ಲ. ಇವತ್ತು ಭಾನುವಾರ, ರಜೆ, ಆದರೂ ಬೆಳಿಗ್ಗೆಯೇ ಹೋಗಿದ್ದಾನೆ. ನಾಳೆ ಒಂದಷ್ಟು ಮೀನು ಹಿಡಿದು ಕಿವಿ ಎತ್ತಿ ನೋಡುತ್ತಾರೆ. ಕೆಂಪು ತಿರುಗಿದ್ದರೆ ಉಳಿದ ಬಲೆಗಳಿಗೂ ಸ್ನಾನ. ಇಲ್ಲದಿದ್ದರೆ, ಮೀನು ಕೊಯ್ಯುವ ದೋಣಿಗೆ ಬ್ರೂಸ್ ಆಗಲೇ ಹೇಳಿಟ್ಟಿದ್ದಾನೆ, ಎಲ್ಲವೂ ಹೋಗುತ್ತವೆ. ಆಮೇಲೆ ಮುಂದೆ ಯಾವತ್ತಾದರೂ ನಿತೀಶ ಮೀನಿಗೆ ಹೀಗೆ ಮಾಡಿ ಎಂದರೆ ಇಲ್ಲಿ ಯಾರು ಕೇಳುತ್ತಾರೆ? ಅವನು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ನಿನ್ನೆ ಮಾನ್ಯಳಿಗೆ ಹಲ್ಲುಜ್ಜಿಸುತ್ತಾ ಬ್ರಶ್ಶಿಗೆ ಪೇಸ್ಟು ಹಾಕುವ ಬದಲು ಸುಮ್ಮನೆ ಹಿಡಿದುಕೊಂಡು ನಿಂತಿದ್ದ. ಮಗುವೇ ಅವನ ಕೈಯಿಂದ ತೆಗೆದುಕೊಂಡು ಹಾಕಿಕೊಂಡಿತು.

ನನಗೆ ಇಲ್ಲಿ ಮಾಡಲು ಏನೂ ಇಲ್ಲ, ಅದೇ ಕಷ್ಟ. ಅವನು ಬರುವಾಗ ಬಿಸಿ ಅನ್ನ ಇರಬೇಕು, ಅಷ್ಟು ಮಾಡುತ್ತೇನೆ. ಏನಾಯಿತು ಎಂದು ಕೇಳುವುದಿಲ್ಲ. ಅವನು ಬೂಟು ಬಿಚ್ಚುವ ರೀತಿಯನ್ನು ನೋಡುತ್ತೇನೆ. ರಶ್ಮಿತಾ ಒಳ್ಳೆಯ ಹುಡುಗಿ, “ಅತ್ತೆ, ಪೇಶೆಂಟ್ ಕಡೆಯೋರ ಥರ ಮುಖ ಮಾಡ್ಕೊಂಡ್ ನಿಲ್ಬೇಡಿ” ಎಂದು ಬೈಯುತ್ತಾಳೆ. ಬೈದು ತಾನೂ ಕಿಟಕಿಯ ಹತ್ತಿರವೇ ನಿಲ್ಲುತ್ತಾಳೆ.

ಸರಿ, ನನ್ನ ಗೋಳು ಸಾಕು. ಈ ಕಾಗದ ಬರೆದದ್ದು ನಿನಗೆ ಊಟ ಮಾಡಿಸಲು. ಓದಿದ ತಕ್ಷಣ ಭಾವನಿಗೆ ಹೇಳಿ ಒಂದು ಒಳ್ಳೆಯ ಕಾಟ್ಲಾ ತರಿಸು. ಹರಕೆ ಹೊತ್ತ ಆ ಸಂಗಮದಲ್ಲಿ ಕೈಮುಗಿದು, ಮಗು ಚೆನ್ನಾಗಿದ್ದಾಳೆ ಕಣವ್ವ, ಹರಕೆ ತೀರಿತು ಎಂದು ಹೇಳಿ ಬಾ. ಮೆಂತ್ಯ ಸ್ವಲ್ಪ ಹೆಚ್ಚು ಹುರಿದು, ಹುಣಸೆಹುಳಿ ಗಟ್ಟಿಯಾಗಿ ಬಿಟ್ಟು ಸಾರು ಮಾಡು. ತಲೆಯ ಭಾಗ ಭಾವನಿಗೆ ಕೊಡಬೇಡ, ಈ ಸಲ ನೀನೇ ತಿನ್ನು. ಅವರು ಹೋಟೆಲಿನಲ್ಲಿ ಸಾಕಷ್ಟು ತಿಂದಿದ್ದಾರೆ. ಪ್ರಮೋದನ ಔಷಧಿಯನ್ನು ನಿನ್ನ ಕಿವಿಗೇ ಬಿಟ್ಟುಕೊಂಡು ನೋಡು, ದುಡ್ಡು ದಂಡವಾಗಬಾರದು.

ಶ್ರೀರಕ್ಷಾಳಿಗೆ ನನ್ನ ಮುತ್ತು, ಪರೀಕ್ಷೆಗೆ ಚೆನ್ನಾಗಿ ಓದಲಿ. ಭಾವನಿಗೆ ನಮಸ್ಕಾರ. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ, ಈ ಸಲ ನಿಜವಾದ ಕಾಲಿಗೆ. ಮಾನ್ಯ ಪಕ್ಕದಲ್ಲಿ ಕೂತು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದು ಮೂಲೆಯಲ್ಲಿ ಗೀಚಿದ್ದಾಳೆ, ಯ ಒತ್ತು ಹಾಳೆಯಿಂದ ಹೊರಗೆ ಹೋಗಿದೆ. ಅದೇ ಅವಳ ಆರೋಗ್ಯಕ್ಕೆ ಸಾಕ್ಷಿ.

ನಿನ್ನ ತಂಗಿ,
ವಸಂತಾ

ಮರೆತ ಮಾತು: ಅಕ್ಕಾ, ಮೇಲಿನದೆಲ್ಲ ಬರೆದಿಟ್ಟು ರಶ್ಮಿತಾಗೆ ಕಾಯುತ್ತಿದ್ದೆ, ಅಷ್ಟರಲ್ಲಿ ನಿತೀಶ ಬಂದ. ಇವತ್ತೂ ಮೇವಿಗೆ ಬಂದಿಲ್ಲವಂತೆ. ಒಂದೆರಡು ಮೇಲೆ ಬಂದು, ಮೂಸಿ, ಹೋದವಂತೆ. ಮೇಜಿನ ಮೇಲೆ ಈ ಹಾಳೆಗಳನ್ನು ನೋಡಿ “ದೊಡ್ಡಮ್ಮಂಗೆ ಕಳಿಸಿಬಿಟ್ಯಾ?” ಎಂದ. ಇನ್ನೂ ಇಲ್ಲ ಎಂದೆ. ಹಾಳೆ ಎತ್ತಿ ನೋಡಿ, ಹಾಗೇ ಇಟ್ಟು, ನನ್ನ ಮುಖ ನೋಡದೆ “ತಿನ್ನಿ ಅಂತ ನಾಳೆ ತನಕ ಹೇಳ್ಬೇಡಮ್ಮ” ಎಂದು ಹೇಳಿ ಸ್ನಾನಕ್ಕೆ ಹೋದ. ಒಳಗೆ ನೀರು ಬಿದ್ದ ಸದ್ದೇ ಇಲ್ಲ, ಎಷ್ಟು ಹೊತ್ತಾಯಿತು. ಅದಕ್ಕೇ ಆತುರದಲ್ಲಿ ಬರೆಯುತ್ತಿದ್ದೇನೆ. ಕಾಟ್ಲಾ ತರಿಸಬೇಡ. ಸಂಗಮಕ್ಕೆ ಹೋಗಿ ಹರಕೆ ತೀರಿತೆಂದು ಹೇಳಬೇಡ. ನೀನು ನೀರಿನಲ್ಲಿ ನಿಂತು ಕಿವಿ ವಾಸಿಯಾಗಲಿ ಎಂದೆಯೇ ಹೊರತು ಯಾರ ಕಿವಿ ಎಂದು ಹೇಳಿರಲಿಲ್ಲವಲ್ಲ. ಶ್ರೀರಕ್ಷಾಳ ಮಾತನ್ನು ಈಗ ಮತ್ತೆ ಹಾಕಿ ಕೇಳಿದೆ, ನಿಜವಾಗಿಯೂ ಹೇಳಿಲ್ಲ. ಗಂಗಮ್ಮ ನಮ್ಮ ಹೊಳೆಯವಳು, ಕಿವಿ ಎಂದರೆ ಅವಳಿಗೆ ಎರಡೂ ಅರ್ಥವಾಗುತ್ತದೆ. ನಾವು ರು ಹಚ್ಚದೆ ಇದ್ದದ್ದೇ ಒಳ್ಳೆಯದಾಯಿತು. ನಾಳೆ ಒಂದು ದಿನ ತಡೆದುಕೋ ನಮ್ಮವ್ವ. ಮೊದಲಿನ ಹಾಳೆ ಓದಿಯೇ ಮಸಾಲೆ ರುಬ್ಬಿಬಿಟ್ಟಿದ್ದರೆ ಎಸೆಯಬೇಡ, ಫ್ರಿಜ್ಜಿನಲ್ಲಿಡು.